ಸೋಬಿರ್ ಎದ್ದಿದೆ, ನೋದಿರ್ ಬಿದ್ದಿದೆ

ತೋಲ್ಕಿನ್ ಅಂದು ಬೆಳಿಗ್ಗೆ ಮನೆಯೊಳಗೇ ನಿಂತು ಫೋನಿನಲ್ಲಿ ಮಾತಾಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಿಗುವುದು ಅಂಗಳದ ಮೂಲೆಯಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ, ಪಕ್ಕದ ಮನೆಯ ಮುಕದ್ದಸಕ್ಕನ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಮಾತ್ರ. ಆ ಗೋಡೆ ಮಣ್ಣಿನದು. ನಮ್ಮ ಕೋಕಂದ್ ಊರಿನ ಮಣ್ಣಿನ ಗೋಡೆಗಳು ಬಿಸಿಲನ್ನು ತಡೆಯುತ್ತವೆ, ಮಾತನ್ನು ತಡೆಯುವುದಿಲ್ಲ.

"ಹೂಂ ಕಣೋ, ಮೂರೂ ಅತಿಥಿಗಳನ್ನ ಒಳಗೆ ಕೂರಿಸಿದೀನಿ. ಒಂದಕ್ಕೊಂದು ಕಾಣಲ್ಲ, ಮಧ್ಯ ಅಡ್ಡ ಹಾಕಿದೀನಿ. ಸೋಬಿರ್ ಎದ್ದಿದೆ. ಕೋಮಿಲ್ ಎದ್ದಿದೆ, ಆದ್ರೆ ಅದು ತಿನ್ನೋದು ಜಾಸ್ತಿ. ನೋದಿರ್ ಮಾತ್ರ ಬೆಳಿಗ್ಗೆಯಿಂದ ಬೀಳ್ತಾನೇ ಇದೆ. ಎಲ್ಲಿಂದ ಕೊಡ್ಲಿ ಮಾರಾಯ, ಮನೇಲಿ ಇರೋದೇ ಇಷ್ಟು. ಅವೆರಡಕ್ಕೆ ಕೊಟ್ಟ ಮೇಲೆ ನೋದಿರ್‌ಗೆ ಏನೂ ಉಳಿಯಲ್ಲ. ಅದಕ್ಕೆ ನೆನಪೂ ಸಾಲ್ತಿಲ್ಲ. ಇನ್ನೊಂದ್ಸಲ ಬಿದ್ರೆ ಮುಗಿಸಿಬಿಡ್ತೀನಿ. ಕೋಮಿಲ್‌ದೇ ಒಂದು ನಕಲು ತೆಗೆದು ಆ ಜಾಗದಲ್ಲಿ ಕೂರಿಸ್ತೀನಿ. ಯಾರಿಗೆ ಗೊತ್ತಾಗತ್ತೆ?"

ಗೋಡೆಯ ಆ ಕಡೆ ಮುಕದ್ದಸಕ್ಕ ಏಪ್ರಿಕಾಟ್ ಹಣ್ಣು ಬಿಡಿಸಿ ಒಣಹಾಕುತ್ತಿದ್ದಳು. ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು. ಸೋಬಿರ್, ಕೋಮಿಲ್, ನೋದಿರ್ ಎಂದರೆ ತೋಲ್ಕಿನನ ಹೆಂಡತಿ ಸನೋಬರಳ ಮೂವರು ತಮ್ಮಂದಿರು. ಹತ್ತಿರದ ರಿಶ್ತಾನ್ ಊರಿನಲ್ಲಿ ತಟ್ಟೆ ಬಟ್ಟಲು ಮಾಡುವ ಕುಂಬಾರರು. ಮೂವರ ಮದುವೆಯಲ್ಲೂ ಮುಕದ್ದಸಕ್ಕ ಊಟ ಮಾಡಿದ್ದಾಳೆ, ಮೂವರ ಮದುವೆಯಲ್ಲೂ ಉಪ್ಪು ಕಡಿಮೆ ಎಂದಿದ್ದಾಳೆ.

ಈಗ ನಿಜ ಏನೆಂದು ಹೇಳಿಬಿಡುತ್ತೇನೆ. ನನಗೆ ತಿಳಿದಷ್ಟು. ತೋಲ್ಕಿನನ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಆ ಒಂದು ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಅವನು ಇನ್ನೂ ಮೂರು ಕಂಪ್ಯೂಟರುಗಳನ್ನು ಇಟ್ಟಿದ್ದ. ಅವನ್ನು ಮುಟ್ಟಲಾಗುವುದಿಲ್ಲ, ಎತ್ತಲಾಗುವುದಿಲ್ಲ, ಆದರೂ ಅವು ಇವೆ, ಕೆಲಸ ಮಾಡುತ್ತವೆ. ಪ್ರತಿಯೊಂದೂ ಇಡೀ ಮನೆ ತನ್ನದೇ ಎಂದುಕೊಂಡಿರುತ್ತದೆ. ಹಿಂದೆ ನಮ್ಮ ಬೀದಿಯ ದೊಡ್ಡ ಮನೆಯಲ್ಲಿ ಮೂವರು ಸೊಸೆಯಂದಿರು ಪರದೆ ಕಟ್ಟಿಕೊಂಡು ಬಾಳಿದ್ದರು. ಒಲೆ ಒಂದೇ, ಬಾವಿ ಒಂದೇ. ಕೇಳಿದರೆ ಮೂವರೂ, "ನನ್ನ ಮನೆ" ಎನ್ನುತ್ತಿದ್ದರು. ಇದೂ ಹಾಗೆಯೇ, ಮೂರೂ ಹಂಚಿಕೊಂಡು ತಿನ್ನುವುದು ಲ್ಯಾಪ್‌ಟಾಪಿನ ಒಂದೇ ನೆನಪನ್ನು, ಎಂದರೆ ಮೆಮೊರಿಯನ್ನು. ಆ ಕೆಲಸದವರ ಭಾಷೆಯಲ್ಲಿ ಒಳಗಿರುವ ಕಂಪ್ಯೂಟರಿಗೆ ಅತಿಥಿ ಎಂದು ಹೆಸರು, ಹೊರಗಿನ ಲ್ಯಾಪ್‌ಟಾಪಿಗೆ ಮನೆಯವನು ಎಂದು ಹೆಸರು. ಅತಿಥಿ ನಡೆಯುತ್ತಿದ್ದರೆ ಎದ್ದಿದೆ ಎನ್ನುತ್ತಾರೆ, ನಿಂತುಹೋದರೆ ಬಿದ್ದಿದೆ ಎನ್ನುತ್ತಾರೆ. ಹೆಸರಿಟ್ಟ ಪುಣ್ಯಾತ್ಮ ಕೋಕಂದಿನವನಲ್ಲ. ಆಗಿದ್ದರೆ ಬೇರೆ ಹೆಸರು ಹುಡುಕುತ್ತಿದ್ದ.

ಮೂರಕ್ಕೂ ಭಾಮೈದರ ಹೆಸರಿಟ್ಟದ್ದು ತೋಲ್ಕಿನನೇ. ಅವರಂತೆಯೇ ಇವೂ ಬಂದು ಕೂತರೆ ಮನೆಯಲ್ಲಿ ಜಾಗ ಉಳಿಯುವುದಿಲ್ಲ, ಇದ್ದಬದ್ದದ್ದನ್ನೆಲ್ಲ ತಿನ್ನುತ್ತವೆ, ಎಬ್ಬಿಸಲು ಅರ್ಧ ದಿನ ಬೇಕು. ಇದನ್ನು ಅವನು ಸನೋಬರಳಿಗೆ ಹೇಳಿರಲಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ಒಂದು ಬಾಗಿಲಿಗಾಗಿ. ತೋಲ್ಕಿನ್ ಬಸ್ ಡಿಪೋದಲ್ಲಿ ಗುಮಾಸ್ತ. ಅವನ ಮೇಜು ಇರುವುದು ಓಣಿಯಂಥ ಜಾಗದಲ್ಲಿ, ಒಂದು ಕಡೆ ಚಹಾದ ನೀರು ಕಾಯಿಸುವ ಸಮೋವಾರ್, ಇನ್ನೊಂದು ಕಡೆ ಡ್ರೈವರುಗಳ ಪಾಯಿಖಾನೆ. ಹೋಗುವವರೂ ಅವನ ಭುಜ ತಟ್ಟುತ್ತಾರೆ, ಬರುವವರೂ ಒದ್ದೆ ಕೈಯಲ್ಲೇ ತಟ್ಟುತ್ತಾರೆ. ದೂರದ ಊರಿನ ಡ್ರೈವರುಗಳು ಡಿಪೋದ ಅತಿಥಿಗೃಹದಲ್ಲಿ ದಿಂಬು ಸಿಗಲಿಲ್ಲ, ಹೊದಿಕೆಯಲ್ಲಿ ತಿಗಣೆ ಎಂದು ಬೈಯುವುದೂ ಅವನ ಮೇಜಿನ ಮೇಲೆ ಕೂತೇ. ಆ ಡಿಪೋದ ಕಂಪ್ಯೂಟರ್ ಕೋಣೆಯವನು ಈಗ ಕೆಲಸ ಬಿಟ್ಟಿದ್ದ. ಆ ಕೋಣೆಗೆ ಬಾಗಿಲಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ತೋಲ್ಕಿನ್ ಆ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿ ಬಂದಿದ್ದ. ಮೂರು ಅತಿಥಿಗಳನ್ನು ತನ್ನ ಮನೆಯ ಲ್ಯಾಪ್‌ಟಾಪಿನಲ್ಲೇ ಸರಿಯಾಗಿ ನಡೆಸಿ, ಇಂದು ಸಂಜೆ ನಾಲ್ಕಕ್ಕೆ ತಾಷ್ಕೆಂಟಿನ ಪರೀಕ್ಷಕಿಗೆ ವಿಡಿಯೋದಲ್ಲಿ ತೋರಿಸಿದರೆ ಕೆಲಸ ಅವನದು ಎಂದು ಡೈರೆಕ್ಟರ್ ಹಮೀದೊವ್ ಹೇಳಿದ್ದರು.

ಮನೆಗೆ ಇಂಟರ್ನೆಟ್ ತಂತಿಯಲ್ಲಿ ಬರುತ್ತಿತ್ತು, ಅದಕ್ಕೆ ತೊಂದರೆಯಿಲ್ಲ. ಸನೋಬರ್ ಮಕ್ಕಳನ್ನು ಕಟ್ಟಿಕೊಂಡು ಚಿಕ್ಕಮ್ಮನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಳು. ಮನೆ ನಿಶ್ಶಬ್ದವಾಗಿತ್ತು. ಹೀಗಾಗಿ ತೋಲ್ಕಿನ್, ಇವತ್ತು ನನ್ನ ದಿನ ಎಂದುಕೊಂಡು ಮರ್ಗಿಲಾನ್ ಊರಿನ ಗೆಳೆಯನೊಂದಿಗೆ ಫೋನ್ ಮುಗಿಸಿ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು.

ಮುಕದ್ದಸಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಅಗಲ ಬಟ್ಟಲು ತುಂಬ ಅಕ್ಕಿ ಮಾಂಸದ ಬಿಸಿ ಸಾರು, ಇನ್ನೊಂದು ಕಂಕುಳಲ್ಲಿ ಎರಡು ರೊಟ್ಟಿ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು, ಮೂರು ಜನರಿಗೆ ಎಂದರೆ ಹತ್ತು ಜನರಿಗೆ ಆಗುವಷ್ಟು ತರುತ್ತಾಳೆ. ತೋಲ್ಕಿನ್ ಬಾಗಿಲನ್ನು ಒಂದು ಗೇಣು ತೆರೆದ.

"ಒಳಗೆ ಯಾರೋ ಗೊರಕೆ ಹೊಡೀತಿದಾರಲ್ಲಪ್ಪ."

"ಲ್ಯಾಪ್‌ಟಾಪ್ ಅಕ್ಕ ಅದು. ಬಿಸಿ ಆದ್ರೆ ಅದರ ಫ್ಯಾನು ಹಂಗೇ ಸದ್ದು ಮಾಡತ್ತೆ."

"ಓಹೋ. ಲ್ಯಾಪ್‌ಟಾಪು." ಅವಳು ಕತ್ತು ಚಾಚಿದಳು. ತೋಲ್ಕಿನ್ ಅಡ್ಡ ನಿಂತ.

"ಈಗ ಒಳಗೆ ಬರ್ಬೇಡಿ ಅಕ್ಕ. ಮೂರೂ ಈಗಷ್ಟೇ ಎದ್ದಿವೆ. ನಾಲ್ಕು ಗಂಟೆ ತನಕ ಯಾರೂ ಅಲುಗಾಡಿಸಬಾರದು."

"ಎದ್ದಿವೆ," ಎಂದು ಮುಕದ್ದಸಕ್ಕ ಮೆಲ್ಲಗೆ ಹೇಳಿಕೊಂಡಳು. "ಸರಿ. ಇದನ್ನ ಅವರಿಗೆ ಕೊಡು."

ತೋಲ್ಕಿನನಿಗೆ ಬೆಳಿಗ್ಗೆಯಿಂದ ಹೊಟ್ಟೆಗೆ ಬಿದ್ದದ್ದು ಒಂದು ಪಿಯಾಲಿ ಹಸಿರು ಚಹಾ ಮಾತ್ರ. "ಅವರಿಗೆ" ಎಂದದ್ದು ಅವನ ಕಿವಿಗೆ ಬೀಳಲಿಲ್ಲ, ಸಾರಿನ ವಾಸನೆ ಮೂಗಿಗೆ ಬಿತ್ತು. ಬಾಗಿಲಲ್ಲೇ ನಿಂತು, ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ, ಗಟಗಟನೆ ಮುಗಿಸಿ, ರೊಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಟ್ಟಲನ್ನು ವಾಪಸು ಕೊಟ್ಟ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಅಕ್ಕ," ಎಂದು ಬಾಗಿಲು ಹಾಕಿಕೊಂಡ.

ಮುಕದ್ದಸಕ್ಕ ಖಾಲಿ ಬಟ್ಟಲನ್ನು ನೋಡುತ್ತ ಕಾಲುವೆಯ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದಳು. ನಮ್ಮ ಮೊಹಲ್ಲಾದಲ್ಲಿ ಬಟ್ಟಲು ಖಾಲಿ ಹಿಂದಿರುಗುವುದಿಲ್ಲ. ನಾಲ್ಕು ವಾಲ್‌ನಟ್ ಆದರೂ ಹಾಕಿ ಕೊಡುತ್ತಾರೆ. ಆಮೇಲೆ ಅವಳು ನೇರವಾಗಿ ಚಹಾದಂಗಡಿಗೆ, ಎರ್ಗಾಶ್ ತಾತನ ಹತ್ತಿರ ನಡೆದಳು.

ಎರ್ಗಾಶ್ ತಾತ ನಮ್ಮ ಮೊಹಲ್ಲಾದ ಹಿರಿಯ. ಮದುವೆ, ಜಗಳ, ಕಾಲುವೆ ನೀರು, ಎಲ್ಲವೂ ಅವರ ಬಿಳಿ ಗಡ್ಡದ ಕೆಳಗೇ ತೀರ್ಮಾನವಾಗಬೇಕು. ಅವರದು ಮಾತು ಕಡಿಮೆ. ಮುಕದ್ದಸಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ತಮ್ಮಂದಿರನ್ನ ಕೂಡಿ ಹಾಕಿದಾನಂತಾ?"

"ಅವನ ಬಾಯಿಂದಲೇ ಕೇಳ್ದೆ ತಾತ. ಮಧ್ಯ ಅಡ್ಡ ಹಾಕಿದೀನಿ, ಒಬ್ರಿಗೊಬ್ರು ಕಾಣಲ್ಲ ಅಂದ. 'ಸೋಬಿರ್ ಎದ್ದಿದೆ, ನೋದಿರ್ ಬಿದ್ದಿದೆ' ಅಂತಾನೆ, ಕರು ಎದ್ದ ಹಾಗೆ, ಕತ್ತೆ ಬಿದ್ದ ಹಾಗೆ. ಮನೆಗೆ ಬಂದ ಹೆಂಡ್ತಿ ತಮ್ಮಂದಿರಿಗೆ ಒಂದು ಗೌರವದ ಮಾತು ಬೇಡ್ವಾ? ನೋದಿರ್‌ಗೆ ನೆನಪೇ ನಿಲ್ತಿಲ್ವಂತೆ, ಹೊಟ್ಟೆಗಿಲ್ಲದೆ. ಇನ್ನೊಂದ್ಸಲ ಬಿದ್ರೆ ಮುಗಿಸಿಬಿಡ್ತಾನಂತೆ."

"ಮುಗಿಸೋದು ಅಂತ ಸಿಟ್ಟಲ್ಲಿ ಎಲ್ರೂ ಅಂತಾರೆ. ಸಾರು ತಗೊಂಡ್ಹೋದ್ಯಲ್ಲ, ಕೊಟ್ನಾ?"

"ಅವನೇ ಕುಡಿದ. ನನ್ನೆದುರಿಗೆ."

"ಬಟ್ಟಲು?"

"ಖಾಲಿ."

ಎರ್ಗಾಶ್ ತಾತ ಪಿಯಾಲಿಯನ್ನು ಕೆಳಗಿಟ್ಟರು.

ಇದಕ್ಕೆ ಕಾರಣವಿತ್ತು. ನಾನು ಸಣ್ಣವನಿದ್ದಾಗ ಒಂದು ಚಳಿಗಾಲ ಉಣ್ಣೆ ವ್ಯಾಪಾರಿಯೊಬ್ಬ ನಮ್ಮ ಮೊಹಲ್ಲಾದ ಮೊದಲ ಮನೆಯ ಬಾಗಿಲು ತಟ್ಟಿದ. ಮನೆಯವನು ಗಾಢ ನಿದ್ದೆಯಲ್ಲಿದ್ದ. ವ್ಯಾಪಾರಿ ಕಾಲುವೆಯ ನೀರಿನಲ್ಲಿ ತನ್ನ ಒಣ ರೊಟ್ಟಿ ನೆನೆಸಿ ತಿಂದು ಹೊರಟುಹೋದ. ಅಷ್ಟೇ ನಡೆದದ್ದು. ಆದರೆ ಕಾಲುವೆಯ ಆಚೆ ದಡದ ಕಂಚುಗಾರರ ಮೊಹಲ್ಲಾದವರು ಅದನ್ನು ನೋಡಿದ್ದರು. ಇವತ್ತಿಗೂ ಅವರು ನಮ್ಮನ್ನು ಕರೆಯುವುದು ಒಣರೊಟ್ಟಿ ಮೊಹಲ್ಲಾ ಎಂದೇ. ಎರ್ಗಾಶ್ ತಾತನ ಹಿರಿತನವೆಲ್ಲ ಆ ಹೆಸರು ಒರೆಸುವುದರಲ್ಲೇ ಕಳೆದಿತ್ತು.

ಅವರು ಕೋಲು ಊರಿಕೊಂಡು ಬಂದು ಬಾಗಿಲು ತಟ್ಟಿದಾಗ ತೋಲ್ಕಿನ್ ತೆರೆಯಲೇಬೇಕಾಯಿತು. ಹಿರಿಯರಿಗೆ ಗೇಣಗಲ ಬಾಗಿಲು ತೆರೆಯಲಾಗುವುದಿಲ್ಲ. ತಾತ ಒಳಗೆ ಬಂದರು. ಅವರ ಹಿಂದೆ ಮುಕದ್ದಸಕ್ಕ ಬಂದಳು. ನಡುಮನೆಯ ಗಿಡ್ಡ ಮೇಜಿನ ಮೇಲೆ, ಬೋರಲು ಹಾಕಿದ ನಾಲ್ಕು ಪಿಯಾಲಿಗಳ ಮೇಲೆ ಲ್ಯಾಪ್‌ಟಾಪ್ ಕೂತಿತ್ತು, ಮೈಬಿಸಿಯಾದ ಮಗುವಿನ ಹಾಗೆ. ಎದುರಿಗೆ ಸನೋಬರಳ ಟೇಬಲ್ ಫ್ಯಾನು ಅದಕ್ಕೆ ಗಾಳಿ ಬೀಸುತ್ತಿತ್ತು.

"ಎಲ್ಲಿ?" ಎಂದರು ತಾತ.

"ಯಾರು ತಾತ?"

"ಸನೋಬರ್ ತಮ್ಮಂದಿರು."

ಆಗ ತೋಲ್ಕಿನನಿಗೆ ಗೋಡೆ ನೆನಪಾಯಿತು. ನಕ್ಕುಬಿಟ್ಟ. ಆ ನಗು ಅವನಿಗೆ ಒಳ್ಳೆಯದು ಮಾಡಲಿಲ್ಲ.

"ಅಯ್ಯೋ ತಾತ, ಅವರಿಲ್ಲ. ನಾನು ಹೇಳಿದ್ದು ಇದನ್ನ. ನೋಡಿ, ಇದು ಸೋಬಿರ್. ಇದು ಕೋಮಿಲ್. ಇದು ನೋದಿರ್."

ಎರ್ಗಾಶ್ ತಾತ ಬಗ್ಗಿ ನೋಡಿದರು. ಪರದೆಯ ಮೇಲೆ ಮೂರು ಕಪ್ಪು ಚೌಕ, ಒಳಗೆ ಬಿಳಿಯ ಇರುವೆಯಂಥ ಅಕ್ಷರ. ಬಹಳ ಹೊತ್ತು ನೋಡಿದರು.

"ಸೋಬಿರ್‌ಗೆ ಗಡ್ಡ ಇತ್ತು," ಎಂದರು.

"ಅವರಲ್ಲ ತಾತ. ಹೆಸರು ಮಾತ್ರ ಅವರದು. ಇವು ಕಂಪ್ಯೂಟರು. ಕಂಪ್ಯೂಟರೊಳಗಿನ ಕಂಪ್ಯೂಟರು. ಇವನ್ನ ಅತಿಥಿ ಅಂತಾರೆ."

"ಯಾರಂತಾರೆ?"

"ಎಲ್ರೂ ಅಂತಾರೆ. ಇಡೀ ಪ್ರಪಂಚದಲ್ಲಿ."

"ಹೆಸರು ಯಾಕೆ ಭಾಮೈದಂದಿರದು?"

ತೋಲ್ಕಿನ್ ಮುಕದ್ದಸಕ್ಕನನ್ನು ನೋಡಿದ. ನಿಜ ಹೇಳಿದರೆ ಕತ್ತಲಾಗುವುದರೊಳಗೆ ಸನೋಬರಳಿಗೆ ತಲುಪುತ್ತದೆ. "ಪ್ರೀತಿಗೆ," ಎಂದ.

"ಪ್ರೀತಿಗೆ ಹೆಸರಿಟ್ಟು ಮುಗಿಸಿಬಿಡ್ತೀನಿ ಅಂದ್ಯಲ್ಲಪ್ಪ," ಎಂದಳು ಮುಕದ್ದಸಕ್ಕ. ಅವಳ ಕಣ್ಣು ಹಿಂದಿನ ಕೋಣೆಯ ಬೀಗದ ಮೇಲಿತ್ತು. ಆ ಕೋಣೆಯಲ್ಲಿ ಇದ್ದದ್ದು ಸನೋಬರಳ ಹತ್ತಿಯ ಹಾಸಿಗೆಗಳು, ಬೀಗದ ಕೈ ಅವಳ ಚೀಲದಲ್ಲಿ.

ಎರ್ಗಾಶ್ ತಾತ ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. "ತೋಲ್ಕಿನ್, ಒಂದೇ ಮಾತು ಹೇಳು. ನಿನ್ನ ಸೂರಿನ ಕೆಳಗೆ ಅತಿಥಿಗಳು ಇದಾರೋ ಇಲ್ವೋ?"

"ಇವೆ ತಾತ, ಆದ್ರೆ..."

"ಎಷ್ಟು?"

"ಮೂರು, ಆದ್ರೆ..."

"ಸಾಕು. ಎಲ್ಲಿ ಕೂರಿಸಿದೀಯ, ಗೋಡೆ ಹಿಂದೆಯೋ ಪೆಟ್ಟಿಗೆ ಒಳಗೋ, ಅದು ನಮಗೆ ಬೇಡ. ಅತಿಥಿ ಎಲ್ಲಿ ಕೂತಿದಾನೆ ಅಂತ ಕೇಳೋದು ಮರ್ಯಾದೆ ಅಲ್ಲ. ನಿನ್ನ ಕೈಲಿ ಆಗ್ದೆ ಇದ್ರೆ ಮೊಹಲ್ಲಾ ಮಾಡತ್ತೆ." ಅವರು ಬಾಗಿಲ ಕಡೆ ತಿರುಗಿದರು. "ಮುಕದ್ದಸ್, ಕಡಾಯಿ ತರಿಸು."

ತೋಲ್ಕಿನ್ ಬೇಡ ಎಂದ. ಇನ್ನೊಂದು ದಿನ ಎಂದ. ನಾಲ್ಕು ಗಂಟೆಗೆ ಪರೀಕ್ಷೆ ಎಂದ. ಅಷ್ಟರಲ್ಲಿ ಮೊಹಲ್ಲಾದ ಮದುವೆ ಕಡಾಯಿ, ಆಳೊಬ್ಬ ಮುದುಡಿ ಮಲಗಬಹುದಾದಷ್ಟು ದೊಡ್ಡದು, ನಾಲ್ಕು ಜನರ ಭುಜದ ಮೇಲೆ ಅಂಗಳದೊಳಗೆ ಬಂದಾಗಿತ್ತು. ಕಿಟಕಿಯ ಕೆಳಗೇ ಕಲ್ಲು ಹೂಡಿದರು. ಹಿಪ್ಪುನೇರಳೆ ಕಟ್ಟಿಗೆ ಹಸಿಯಾಗಿತ್ತೋ ಏನೋ, ಹೊಗೆ ದಾರಿ ಕೇಳಿಕೊಂಡು ಬಂದಂತೆ ನಡುಮನೆಗೆ ಬಂತು. ಹೆಂಗಸರು ಕಟ್ಟೆಯ ಮೇಲೆ ಕೂತು ಹಳದಿ ಗಜ್ಜರಿಯನ್ನು ಕಡ್ಡಿಕಡ್ಡಿಯಾಗಿ ಹೆಚ್ಚತೊಡಗಿದರು.

ಮುಕದ್ದಸಕ್ಕ ಮಾತ್ರ ಗೋಡೆಯ ಮೂಲೆಗೆ ಹೋಗಿ ರಿಶ್ತಾನಿಗೆ, ಸನೋಬರಳ ತಾಯಿಗೆ ಫೋನ್ ಮಾಡಿದಳು. ಮುಕದ್ದಸಕ್ಕ ಫೋನಿನಲ್ಲಿ ಕೇಳುವವಳಲ್ಲ, ಹೇಳುವವಳು. "ನಾನು ಕಣಮ್ಮ, ಕೋಕಂದಿಂದ. ನಿನ್ ಮಕ್ಕಳ ಚಿಂತೆ ಮಾಡ್ಬೇಡ. ಮೂವರಿಗೂ ಇಲ್ಲಿ ಪಲಾವ್ ಒಲೆ ಮೇಲಿಟ್ಟಿದೀವಿ. ಕುರಿ ಬಾಲದ ಕೊಬ್ಬು ಹಾಕಿ. ನಾಲ್ಕು ಗಂಟೆಗೆ ಇಳಿಸ್ತೀವಿ. ಸರಿ, ಇಡ್ತೀನಿ," ಎಂದು ಇಟ್ಟುಬಿಟ್ಟಳು. ರಿಶ್ತಾನಿನಲ್ಲಿ ಮುದುಕಿ ಫೋನ್ ಹಿಡಿದುಕೊಂಡೇ ಭಟ್ಟಿಯ ಹತ್ತಿರ ನಿಂತಿದ್ದ ಮೂವರು ಮಕ್ಕಳನ್ನು ನೋಡಿದಳು. ನಡೆದದ್ದು ಅವಳಿಗೆ ಅರ್ಥವಾಗಲಿಲ್ಲ. ಆದರೆ ಪಲಾವ್ ಎಂಬ ಮಾತು ಮಕ್ಕಳಿಗೆ ಅರ್ಥವಾಯಿತು. ಅವರು ಎರಡನೇ ಸಲ ಕರೆಸಿಕೊಳ್ಳುವವರಲ್ಲ. ಕೈ ತೊಳೆಯದೆ ಕಾರು ಹತ್ತಿದರು.

ಇತ್ತ ತೋಲ್ಕಿನ್ ಹೊಗೆಯಲ್ಲಿ ಕೆಮ್ಮುತ್ತ ಕೂತಿದ್ದ. ಮೂರೂವರೆ ಆಗುತ್ತ ಬಂದಿತ್ತು. ಸೋಬಿರ್ ಎದ್ದಿತ್ತು, ಕೋಮಿಲ್ ಎದ್ದಿತ್ತು, ನೋದಿರ್ ಕೂಡ ಹೇಗೋ ತಡವರಿಸುತ್ತ ನಿಂತಿತ್ತು. ಅಂಗಳದಲ್ಲಿ ಯಾರೋ ಮಾಂಸ ಅರೆಯುವ ಯಂತ್ರವನ್ನು ಪಡಸಾಲೆಯ ಪ್ಲಗ್ಗಿಗೆ ಹಾಕಿದರು. ಪಕ್ಕದ ಪ್ಲಗ್ಗಿಗೆ ಎರ್ಗಾಶ್ ತಾತ ತಮ್ಮ ಕರೆಂಟಿನ ಸಮೋವಾರನ್ನು ತಾವೇ ಸಿಕ್ಕಿಸಿದರು.

ಟಪ್ ಎಂದಿತು. ಫ್ಯಾನು ನಿಂತಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು, ಅದು ಬದುಕುತ್ತಿದ್ದದ್ದೇ ಪ್ಲಗ್ಗಿನಲ್ಲಿ. ಗೊರಕೆ ಅರ್ಧದಲ್ಲಿ ನಿಂತುಹೋಯಿತು.

ತೋಲ್ಕಿನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಕೆಂಪು ಕಣ್ಣು, ಮುಖದ ತುಂಬ ಮಸಿ. "ಹೋಯ್ತು ತಾತ. ಮೂರೂ ಒಟ್ಟಿಗೇ ಹೋದ್ವು."

ಗಜ್ಜರಿ ಹೆಚ್ಚುತ್ತಿದ್ದ ಚಾಕುಗಳು ನಿಂತವು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಎರ್ಗಾಶ್ ತಾತ ಎರಡೂ ಅಂಗೈ ಎತ್ತಿ ಪ್ರಾರ್ಥನೆ ಹೇಳಿ ಮುಖ ಸವರಿಕೊಂಡರು. ಉಳಿದವರೂ ಸವರಿಕೊಂಡರು. ಮುಕದ್ದಸಕ್ಕ ತಲೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು, ಅದು ಹೊಗೆಗೂ ಇರಬಹುದು.

"ಅಳ್ಬೇಡಿ ಅಕ್ಕ, ಹತ್ತು ನಿಮಿಷ ಕೊಡಿ, ಎಬ್ಬಿಸ್ತೀನಿ," ಎಂದ ತೋಲ್ಕಿನ್.

"ಸತ್ತವರನ್ನ ಎಬ್ಬಿಸ್ತಾನಂತೆ," ಎಂದು ಯಾರೋ ಮೆಲ್ಲಗೆ ಅಂದರು.

ತಾತ ಸಮೋವಾರನ್ನು ತೆಗೆದು ಕೆಂಡದ ಪಕ್ಕಕ್ಕೆ ಒಯ್ದರು. ತೋಲ್ಕಿನ್ ಫ್ಯೂಸಿಗೆ ತಂತಿ ಸುತ್ತಿದ. ಸೋಬಿರ್ ಎದ್ದಿತು. ಕೋಮಿಲ್ ಎದ್ದಿತು. ನೋದಿರ್ ಏಳಲಿಲ್ಲ. ಎದ್ದಂತೆ ಮಾಡಿ ಬಿತ್ತು, ಮತ್ತೆ ಬಿತ್ತು. ತೋಲ್ಕಿನ್ ತಲೆಗೆ ಕೈ ಹೊತ್ತು ಕೂತದ್ದನ್ನು ಕಿಟಕಿಯಿಂದ ನೋಡಿದ ತಾತನಿಗೆ ಪಾಪ ಅನ್ನಿಸಿತು.

"ಏನಾಗಿದೆ ಅವನಿಗೆ?"

"ಸಾಲ್ತಿಲ್ಲ ತಾತ. ಎರಡಕ್ಕೆ ಹಂಚಿದ ಮೇಲೆ ಮೂರನೆಯದಕ್ಕೆ ಸಾಲ್ತಿಲ್ಲ."

"ಅತಿಥಿಗಳಿಗೆ ಸಾಲ್ತಿಲ್ಲ ಅಂತೀಯ. ಮನೆಯವನು ಎಷ್ಟು ಇಟ್ಕೊಂಡಿದಾನೆ?"

ತೋಲ್ಕಿನ್ ತಲೆ ಎತ್ತಿದ. ಮನೆಯವನು, ಎಂದರೆ ಲ್ಯಾಪ್‌ಟಾಪು, ತನಗೆಂದು ಬಹಳವನ್ನೇ ಇಟ್ಟುಕೊಂಡಿತ್ತು. ನಿನ್ನೆ ಅರ್ಧ ನೋಡಿ ಬಿಟ್ಟ ಫುಟ್‌ಬಾಲ್ ಪಂದ್ಯ, ಮಗಳ ಹುಟ್ಟುಹಬ್ಬದ ಫೋಟೋಗಳು, ಹವಾಮಾನ, ಯಾವುದೋ ಕಾರಿನ ಜಾಹೀರಾತು, ಎಲ್ಲ ತೆರೆದೇ ಇದ್ದವು. ಒಂದೊಂದಾಗಿ ಎಲ್ಲವನ್ನೂ ಮುಚ್ಚಿದ. ಮನೆಯವನು ಉಪವಾಸ ಕೂತ. ನೋದಿರ್ ಎದ್ದು ನಿಂತಿತು.

ಅಷ್ಟರಲ್ಲಿ ನಾಲ್ಕು ಹೊಡೆಯಿತು. ಪರದೆಯ ಮೇಲೆ ತಾಷ್ಕೆಂಟಿನ ಪರೀಕ್ಷಕಿ ಫರ್ಮೋನೊವಾ ಕಾಣಿಸಿಕೊಂಡರು. ಕನ್ನಡಕ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಒಣಗಿದ ಏಪ್ರಿಕಾಟಿನಂಥ ಮುಖ.

"ನಿಮ್ಮ ಮನೆಗೆ ಬೆಂಕಿ ಬಿದ್ದಿದೆಯಾ?" ಎಂದರು.

"ಇಲ್ಲ ಮೇಡಂ. ಅಡುಗೆ."

"ಸರಿ. ಮೊದಲನೇ ಅತಿಥಿ ಎದ್ದಿದೆಯಾ?"

"ಎದ್ದಿದೆ ಮೇಡಂ. ಸೋಬಿರ್."

"ಯಾರು ಕರೆದಿದ್ದು ನನ್ನ?" ಎಂದು ಬಾಗಿಲಲ್ಲಿ ಒಂದು ದನಿ ಕೇಳಿತು. ಸಾಕ್ಷಾತ್ ಸೋಬಿರ್ ನಿಂತಿದ್ದ, ಗಡ್ಡದಲ್ಲಿ ಜೇಡಿಮಣ್ಣು. ಅಂಗಳದಲ್ಲಿ ಒಂದು ನಿಟ್ಟುಸಿರು ಎದ್ದಿತು. ಸತ್ತವರು ಎದ್ದಿದ್ದರು.

"ಅವರು ಯಾರು?" ಎಂದರು ಫರ್ಮೋನೊವಾ.

"ನನ್ನ ಭಾಮೈದ ಮೇಡಂ."

"ಹೆಸರು?"

"ಸೋಬಿರ್."

ಫರ್ಮೋನೊವಾ ಕನ್ನಡಕ ಸರಿಮಾಡಿಕೊಂಡರು. "ಎರಡನೇದು?"

"ಕೋಮಿಲ್ ಮೇಡಂ. ಚೆನ್ನಾಗಿ ನಡೀತಿದೆ."

"ಭಾವ, ಪಲಾವ್ ಇಳಿಸಿದ್ರಾ?" ಎನ್ನುತ್ತ ಕೋಮಿಲ್ ಒಳಗೆ ಬಂದ. ಅವನ ಹಿಂದೆಯೇ ಒಂದು ತಟ್ಟೆ ಪಲಾವ್ ಬಂತು, ಅದರ ಹಿಂದೆ ಮುಕದ್ದಸಕ್ಕ. ಇಬ್ಬರೂ ಅಣ್ಣತಮ್ಮಂದಿರು ಅಲ್ಲೇ ನೆಲದ ಮೇಲೆ ಕೂತು ತಟ್ಟೆಗೆ ಕೈ ಹಾಕಿದರು.

"ಈಗ ಮೂರನೇದನ್ನ ಬೀಳಿಸಿ," ಎಂದರು ಫರ್ಮೋನೊವಾ. "ಉಳಿದೆರಡಕ್ಕೆ ಗೊತ್ತಾಗಬಾರದು. ಅದೇ ಪರೀಕ್ಷೆ."

"ಆಯ್ತು ಮೇಡಂ. ನೋದಿರ್‌ನ ಬೀಳಿಸ್ತೀನಿ."

ಹೊಸ್ತಿಲಲ್ಲಿ ಬೂಟು ಬಿಚ್ಚುತ್ತಿದ್ದ ನೋದಿರ್, ಮೂವರಲ್ಲಿ ಕಿರಿಯ, ಕಡ್ಡಿಯಂಥವನು, ತಲೆ ಎತ್ತಿದ. "ನಾನೇನ್ ಮಾಡ್ದೆ ಭಾವ?"

"ನೋಡಿದ್ರಾ," ಎಂದಳು ಮುಕದ್ದಸಕ್ಕ. "ಬೆಳಿಗ್ಗೆಯಿಂದ ಇದನ್ನೇ ಹೇಳ್ತಿದೀನಿ."

ತೋಲ್ಕಿನ್ ಗುಂಡಿ ಒತ್ತಿದ. ನೋದಿರ್ ಹಿಂದೆ ಹಿಂದೆ ಸರಿದು ಬೂಟುಗಳ ರಾಶಿಗೆ ಕಾಲು ತಾಗಿ ಧೊಪ್ಪನೆ ಬಿದ್ದ. ಪರದೆಯ ಮೇಲೂ ನೋದಿರ್ ಬಿತ್ತು.

"ಉಳಿದೆರಡಕ್ಕೆ ಏನಾದ್ರೂ ಗೊತ್ತಾಯ್ತಾ?"

ತೋಲ್ಕಿನ್ ಮೊದಲು ಪರದೆಯನ್ನು ನೋಡಿದ. ಸೋಬಿರ್, ಕೋಮಿಲ್ ಎರಡೂ ತಮ್ಮ ಪಾಡಿಗೆ ನಡೆಯುತ್ತಿದ್ದವು. ಆಮೇಲೆ ಹಿಂದೆ ತಿರುಗಿ ನೋಡಿದ. ಸೋಬಿರ್ ಮಾಂಸದ ತುಂಡು ಹುಡುಕುತ್ತಿದ್ದ, ಕೋಮಿಲ್ ಎಲುಬು ಚೀಪುತ್ತಿದ್ದ.

"ಇಲ್ಲ ಮೇಡಂ," ಎಂದ. "ಏನೂ ಗೊತ್ತಾಗಿಲ್ಲ."

"ಎಬ್ಬಿಸಿ."

ಮುಕದ್ದಸಕ್ಕ ನೋದಿರನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಪರದೆಯ ಮೇಲಿನದು ಸ್ವಲ್ಪ ತಡ ಮಾಡಿ ಎದ್ದಿತು.

ಫರ್ಮೋನೊವಾ ಕಾಗದದಲ್ಲಿ ಏನನ್ನೋ ಬರೆದುಕೊಂಡರು. ಆಮೇಲೆ ಆ ಒಣಗಿದ ಮುಖ ಸ್ವಲ್ಪ ನೆನೆಯಿತು. "ಅದು ಬಾಲದ ಕೊಬ್ಬು ಹಾಕಿದ ಪಲಾವಾ?"

"ಹೌದು ಮೇಡಂ. ಬನ್ನಿ, ಊಟ ಮಾಡಿ." ಬಾಯಿ ತಾನಾಗಿಯೇ ಕರೆದಿತ್ತು.

"ಇನ್ನೊಂದ್ಸಲ ಆ ಕಡೆ ಬಂದಾಗ ಬರ್ತೀನಿ. ತೋಲ್ಕಿನ್, ಆ ಮೂರನೇದಕ್ಕೆ ಎಲ್ಲಿಂದ ಹೊಂದಿಸಿದ್ರಿ?"

"ಮನೆಯವನ ಪಾಲಿಂದ ಮೇಡಂ."

"ಒಳ್ಳೇದು. ಅತಿಥಿಗಳನ್ನ ಚೆನ್ನಾಗಿ ನೋಡ್ಕೊಂಡಿದೀರ. ನಿಮ್ಮ ಡೈರೆಕ್ಟರಿಗೆ ಈಗಲೇ ಫೋನ್ ಮಾಡ್ತೀನಿ."

ತೋಲ್ಕಿನ್ ಅಂಗಳಕ್ಕೆ ಬಂದಾಗ ಮೊಹಲ್ಲಾ ಪೂರ್ತಿ ಅಲ್ಲಿತ್ತು. ತಮ್ಮಂದಿರನ್ನು ಕಣ್ಣಾರೆ ಕಂಡ ಮೇಲೆ ಮುಕದ್ದಸಕ್ಕ ಅವನನ್ನು ಕ್ಷಮಿಸಿಬಿಟ್ಟಿದ್ದಳು. "ಸಂಕೋಚದವನು, ಒಳಗೆ ಬಚ್ಚಿಟ್ಟಿದ್ದ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಎರ್ಗಾಶ್ ತಾತ ಗೇಟು ಅಗಲ ತೆರೆಸಿ, ಕಾಲುವೆಯ ಆಚೆ ಕಂಚುಗಾರರಿಗೆ ಕಾಣುವಂತೆ ಕಟ್ಟೆಯ ತುದಿಯಲ್ಲಿ ಮೂವರು ಅತಿಥಿಗಳನ್ನು ಸಾಲಾಗಿ ಕೂರಿಸಿದ್ದರು. ಅಷ್ಟೇ ಅಲ್ಲ, ಆಚೆ ದಡಕ್ಕೂ ಒಂದು ದೊಡ್ಡ ತಟ್ಟೆ ಪಲಾವ್ ಕಳಿಸಿದ್ದರು. ಆ ತಟ್ಟೆ ಖರ್ಬೂಜ ತುಂಬಿಕೊಂಡು ಹಿಂದಿರುಗಿತ್ತು.

ಸನೋಬರ್ ಮಕ್ಕಳೊಂದಿಗೆ ಬಂದಳು. ಹೊಗೆ, ಕಡಾಯಿ, ಜನ, ನಡುವೆ ತಮ್ಮಂದಿರು. ಹೊಸ್ತಿಲಲ್ಲಿ ನಿಂತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡ ತನ್ನ ತಮ್ಮಂದಿರಿಗೆ ತಾನಾಗಿ ಕರೆದು ಊಟ ಹಾಕಿದ್ದನ್ನು ಅವಳು ನೋಡಿರಲಿಲ್ಲ. ಕಡಾಯಿಯಲ್ಲಿದ್ದ ಅತಿ ಒಳ್ಳೆಯ ಮೂಳೆ ಹುಡುಕಿ ತೋಲ್ಕಿನನ ಮುಂದಿಟ್ಟಳು. ತೋಲ್ಕಿನ್ ಅದನ್ನು ತಟ್ಟೆಗೆ ಕುಟ್ಟಿ ಒಳಗಿನ ಮಜ್ಜೆ ಹೀರಿದ. ಸಂಜೆಯ ಬಿಸಿಲು ದ್ರಾಕ್ಷಿ ಎಲೆಗಳ ಸಂದಿನಿಂದ ಅವನ ಟೋಪಿಯ ಮೇಲೆ ಬೀಳುತ್ತಿತ್ತು. ಮಸಿ ಮುಖದಲ್ಲೇ ಅವನು ಬಾಗಿಲನ್ನು ನೆನೆದುಕೊಂಡು ನಗುತ್ತಿದ್ದ. ಒಳಗಿನಿಂದ ಚಿಲಕ.

ಫೋನ್ ಬಂತು. ಗೋಡೆಯ ಮೂಲೆಗೆ ಓಡಿದ. ಅಂಗಳ ಕಿವಿಯಾಯಿತು.

"ತೋಲ್ಕಿನ್," ಎಂದರು ಡೈರೆಕ್ಟರ್ ಹಮೀದೊವ್. ಅವರ ದನಿ ಒದ್ದೆಯಾಗಿತ್ತು. "ತಾಷ್ಕೆಂಟಿಂದ ಆಯಮ್ಮ ಫೋನ್ ಮಾಡಿದ್ರು. ಇಷ್ಟು ವರ್ಷ ನನ್ನ ಕಣ್ಣೆದುರೇ ಇದ್ದೆ, ನಂಗೆ ಗೊತ್ತಾಗ್ಲಿಲ್ಲ ನೋಡು. ಒಂದೇ ಸೂರು, ಮೂವರು ಅತಿಥಿಗಳು, ಒಬ್ರಿಂದ ಒಬ್ರಿಗೆ ತೊಂದ್ರೆ ಇಲ್ಲ. ಒಬ್ರು ಬಿದ್ರೆ ಇನ್ನಿಬ್ರಿಗೆ ಗೊತ್ತೂ ಆಗಲ್ಲ. ಸಾಲ್ದೆ ಹೋದಾಗ ಮನೆಯವನು ತನ್ನ ಪಾಲನ್ನೇ ಕೊಟ್ಟ ಅಂದ್ರು. ನಂಗೆ ಕಣ್ಣಲ್ಲಿ ನೀರು ಬಂತಪ್ಪ."

"ಅದು ಸರ್, ಅತಿಥಿ ಅಂದ್ರೆ..."

"ಗೊತ್ತು ಗೊತ್ತು, ಅತಿಥಿ ಅಂದ್ರೆ ದೊಡ್ಡೋರು. ಇಂಥವನನ್ನ ಆ ಕಂಪ್ಯೂಟರ್ ಕೋಣೇಲಿ ಚಿಲಕ ಹಾಕಿ ಕೂರಿಸಿ ಹಾಳು ಮಾಡ್ಲಾ? ಅಲ್ಲಿಗೆ ಯಾರನ್ನಾದ್ರೂ ಹಾಕ್ತೀನಿ. ಸೋಮವಾರದಿಂದ ನಮ್ಮ ಡಿಪೋ ಅತಿಥಿಗೃಹ ಪೂರ್ತಿ ನಿಂದು. ಆ ಡ್ರೈವರುಗಳ ಗಲಾಟೆ ನೀನೊಬ್ಬನೇ ನಿಲ್ಲಿಸಬಲ್ಲೆ."

ತೋಲ್ಕಿನ್ ಗೋಡೆಗೆ ಬೆನ್ನು ಕೊಟ್ಟ. "ಸರ್," ಎಂದ ಕೊನೆಗೆ, "ಅಲ್ಲಿ ನಂಗೆ ಅಂತ ಒಂದು ಕೋಣೆ..."

"ಇದೆಯಪ್ಪ. ಗೇಟಿನ ಪಕ್ಕದ್ದು. ಗಾಳಿ ಬೆಳಕು ಚೆನ್ನಾಗಿದೆ."

"ಬಾಗಿಲು, ಸರ್?"

"ಬಾಗಿಲು ಯಾಕೆ?" ಎಂದರು ಹಮೀದೊವ್. "ಅತಿಥಿ ಬಂದಾಗ ಮುಚ್ಚಿರಬಾರದು ಅಂತ ನಾನೇ ತೆಗೆಸಿದೀನಿ."

ತೋಲ್ಕಿನ್ ಹಿಂದಿರುಗಿ ಬಂದು ಕಟ್ಟೆಯ ಮೇಲೆ ಕೂತ. ಯಾರೂ ಏನೂ ಕೇಳಲಿಲ್ಲ, ಎಲ್ಲರಿಗೂ ಕೇಳಿಸಿತ್ತು. ಎರ್ಗಾಶ್ ತಾತ ಪಿಯಾಲಿಯ ತಳಕ್ಕೆ ಒಂದೇ ಗುಟುಕು ಚಹಾ ಬಗ್ಗಿಸಿ, ಎದೆಗೆ ಕೈಯಿಟ್ಟುಕೊಂಡು ಅವನಿಗೆ ಕೊಟ್ಟರು. ನಮ್ಮಲ್ಲಿ ಚಹಾ ಕಡಿಮೆ ಹಾಕಿದಷ್ಟೂ ಗೌರವ ಜಾಸ್ತಿ. ಅಷ್ಟು ಕಡಿಮೆ ಚಹಾ ತೋಲ್ಕಿನನಿಗೆ ಯಾರೂ ಅದುವರೆಗೆ ಕೊಟ್ಟಿರಲಿಲ್ಲ. ಅವನು ಅದನ್ನು ನಿಧಾನವಾಗಿ ಕುಡಿದ. ಅಷ್ಟೇನೂ ಕೆಟ್ಟದಾಗಿರಲಿಲ್ಲ.

"ಭಾವ," ಎಂದ ನೋದಿರ್ ಮೆಲ್ಲಗೆ, ಮೊಣಕೈ ಸವರಿಕೊಳ್ಳುತ್ತ. "ಅಲ್ಲಿ ಮೂರು ಹಾಸಿಗೆ ಒಟ್ಟಿಗೇ ಸಿಗತ್ತಾ?"

ಒಳಗೆ ಲ್ಯಾಪ್‌ಟಾಪ್ ಇನ್ನೂ ಗೊರಕೆ ಹೊಡೆಯುತ್ತಿತ್ತು. ಮೂರೂ ಎದ್ದೇ ಇದ್ದವು.